ಮನೆಗೆ ಕೊಟ್ಟ ಲೆಕ್ಕ

ವಿಕ್ರಮಾದಿತ್ಯನ ಬೆನ್ನೇರಿದ ಬೇತಾಳನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಚೀಲವನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಆ ಕಥೆಯ ನೆನಪಾಗುತ್ತದೆ. ಮಕ್ಕಳು ಶಾಲೆಯನ್ನು ಬಿಟ್ಟು ಓಡಿದರೂ ಶಾಲೆ ಮಕ್ಕಳನ್ನು ಬಿಡುವುದಿಲ್ಲ. ಅದು ಮನೆಗೆಲಸವೆಂಬ ರೂಪ ತಾಳಿ, ಪುಸ್ತಕಗಳ ನಡುವೆ ಅಡಗಿ, ಅವರ ಬೆನ್ನ ಮೇಲೆ ಕುಳಿತೇ ಮನೆಗೆ ಬರುತ್ತದೆ. ಬೇತಾಳನಾದರೋ ಸೊಗಸಾದ ಒಂದು ಕಥೆಯನ್ನು ಹೇಳಿ ಕೊನೆಗೆ ಒಂದೇ ಒಂದು ಪ್ರಶ್ನೆಯನ್ನು ಕೇಳುತ್ತಿದ್ದ; ಗಣಿತದ ಮನೆಗೆಲಸ ಕಥೆಯ ಗೋಜಿಗೇ ಹೋಗದೆ ಹತ್ತು ಪ್ರಶ್ನೆಗಳನ್ನು ಮುಂದಿಡುತ್ತದೆ.

ಉಳಿದ ವಿಷಯಗಳ ಮನೆಗೆಲಸಕ್ಕೆ ಒಂದಿಷ್ಟು ದಾಕ್ಷಿಣ್ಯವುಂಟು. ಪದ್ಯದ ಸಾರಾಂಶವನ್ನು ಬರೆಯಹೊರಟವನಿಗೆ ಅರ್ಥ ಅರ್ಧವೇ ತಿಳಿದಿದ್ದರೂ ಮಾತು ಕೈಬಿಡುವುದಿಲ್ಲ. 'ಕವಿ ಇಲ್ಲಿ ಬಹಳ ಸುಂದರವಾಗಿ ವರ್ಣಿಸಿದ್ದಾನೆ' ಎಂಬ ಒಂದು ವಾಕ್ಯ ಎಷ್ಟೋ ತಲೆಮಾರುಗಳ ಮಕ್ಕಳನ್ನು ದಡ ಮುಟ್ಟಿಸಿದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ನಾನು ಆ ವಾಕ್ಯವನ್ನು ಎಷ್ಟು ಸಾವಿರ ಸಲ ಓದಿದ್ದೇನೋ ಹೇಳಲಾರೆ. ಗಣಿತ ಮಾತ್ರ ಇಂತಹ ಉಪಚಾರದ ಮಾತಿಗೆ ಮಣಿಯುವುದಿಲ್ಲ. 'ಈ ಲೆಕ್ಕ ಬಹಳ ಸುಂದರವಾಗಿದೆ' ಎಂದು ಬರೆದು ಅದನ್ನು ಬಿಡಿಸಿದವರು ಯಾರೂ ಇಲ್ಲ.

ಕನ್ನಡದ ಮೇಷ್ಟರಿಗೆ ಗಣಿತದ ಮನೆಗೆಲಸದ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಬಹುಕಾಲ ಕೆಲಸ ಮಾಡಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಜೆ ಎಲ್ಲರೂ ಹೋದ ಮೇಲೆ ಏಳೆಂಟು ಮಕ್ಕಳು ಜಗಲಿಯ ಮೇಲೆ ಉಳಿಯುತ್ತಿದ್ದರು. ಅವರಿಗೆ ಮನೆಯಲ್ಲಿ ದನ ಕಟ್ಟುವ, ನೀರು ಸೇದುವ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಕೆಲಸ ಕಾದಿರುತ್ತಿತ್ತು. ಅಲ್ಲಿ ಪುಸ್ತಕ ಬಿಚ್ಚಲು ಬಿಡುವಿಲ್ಲ, ಬಿಚ್ಚಿದರೂ ಹೇಳಿಕೊಡುವವರಿಲ್ಲ. ಆದುದರಿಂದ ಬೆಳಕಿರುವಷ್ಟು ಹೊತ್ತು ಶಾಲೆಯ ಜಗಲಿಯಲ್ಲಿಯೇ ಕುಳಿತು ಲೆಕ್ಕ ಮಾಡಿ ಮುಗಿಸುತ್ತಿದ್ದರು. ಶಾಲೆಗೆ ಸಮೀಪದಲ್ಲಿಯೇ ವಾಸವಾಗಿದ್ದ ನಾನು ಅವರ ಜೊತೆಗೆ ಕುಳಿತಿರುತ್ತಿದ್ದೆ. ಗಣಿತವನ್ನು ಬೋಧಿಸುವ ಅಧಿಕಾರ ನನ್ನದಾಗಿರಲಿಲ್ಲ. ಅವರು ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಹಾಗೆ ಕೇಳುತ್ತ ಕೇಳುತ್ತ ನನಗೆ ಹೊಳೆದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲನೆಯದಾಗಿ, ಮಕ್ಕಳು ಲೆಕ್ಕದಲ್ಲಿ ಎಡವುವ ಮುನ್ನ ಭಾಷೆಯಲ್ಲಿ ಎಡವುತ್ತಾರೆ. ಈ ಎರಡು ವಾಕ್ಯಗಳನ್ನು ನೋಡಿರಿ. 'ಒಂದು ಸಂಖ್ಯೆಯ ಎರಡರಷ್ಟಕ್ಕೆ 6ನ್ನು ಕೂಡಿಸಿದರೆ 30 ಆಗುತ್ತದೆ.' 'ಒಂದು ಸಂಖ್ಯೆಗೆ 6ನ್ನು ಕೂಡಿಸಿ, ಬಂದ ಮೊತ್ತವನ್ನು ಎರಡರಿಂದ ಗುಣಿಸಿದರೆ 30 ಆಗುತ್ತದೆ.' ಎರಡರಲ್ಲಿಯೂ ಇರುವ ಅಂಕಿಗಳು ಅವೇ. ಮಾಡಬೇಕಾದ ಕ್ರಿಯೆಗಳೂ ಅವೇ. ಆದರೆ ಮೊದಲನೆಯ ಸಂಖ್ಯೆ 12, ಎರಡನೆಯದು 9. ಈ ವ್ಯತ್ಯಾಸ ಎಲ್ಲಿಂದ ಬಂದಿತು? ಮೊದಲ ವಾಕ್ಯದಲ್ಲಿ 'ಸಂಖ್ಯೆಯ' ಎಂದು ಷಷ್ಠೀ ವಿಭಕ್ತಿ ಇದೆ, ಎರಡನೆಯದರಲ್ಲಿ 'ಸಂಖ್ಯೆಗೆ' ಎಂದು ಚತುರ್ಥೀ ವಿಭಕ್ತಿ ಇದೆ. ಪ್ರತ್ಯಯ ಬದಲಾದೊಡನೆ ಕೂಡುವುದು ಮೊದಲೋ ಗುಣಿಸುವುದು ಮೊದಲೋ ಎಂಬ ಕ್ರಮವೂ ಬದಲಾಯಿತು. ಎರಡನೆಯ ಸಮೀಕರಣದಲ್ಲಿ ಆವರಣ ಚಿಹ್ನೆ ಬಂದು ಕುಳಿತಿತು. ವ್ಯಾಕರಣದ ತರಗತಿಯಲ್ಲಿ ಆಕಳಿಸುತ್ತಿದ್ದ ಹುಡುಗರಿಗೆ ನಾನು ಜಗಲಿಯ ಮೇಲೆ ವಿಭಕ್ತಿ ಪ್ರತ್ಯಯಗಳ ಪ್ರಯೋಜನವನ್ನು ತೋರಿಸಿದ್ದು ಹೀಗೆ. 'ಮೂರರಷ್ಟು' ಎಂಬುದಕ್ಕೂ 'ಮೂರು ಹೆಚ್ಚು' ಎಂಬುದಕ್ಕೂ ಇರುವ ಭೇದವನ್ನು ಅರಿತವನಿಗೆ ಲೆಕ್ಕದ ಅರ್ಧ ದಾರಿ ಸವೆದಂತೆಯೇ ಸರಿ.

ಎರಡನೆಯದು, ತಿಳಿಯದುದಕ್ಕೆ ಹೆಸರಿಡುವ ಧೈರ್ಯ. ಲೋಕದಲ್ಲಿ ನಾವು ತಿಳಿಯದ ವಸ್ತುವಿನಿಂದ ದೂರ ಸರಿಯುತ್ತೇವೆ. ಬೀಜಗಣಿತವಾದರೋ ತಿಳಿಯದುದನ್ನು ಹತ್ತಿರಕ್ಕೆ ಕರೆದು, ಮಣೆ ಹಾಕಿ ಕೂರಿಸಿ, 'ನಿನ್ನ ಬೆಲೆ ನನಗೆ ಇನ್ನೂ ಗೊತ್ತಿಲ್ಲ, ಸದ್ಯಕ್ಕೆ ನಿನ್ನ ಹೆಸರು ಎಕ್ಸ್' ಎಂದು ಹೇಳಿ ಅದರೊಡನೆ ವ್ಯವಹಾರವನ್ನೇ ನಡೆಸುತ್ತದೆ. ನಮ್ಮ ಪ್ರಾಚೀನ ಗಣಿತಜ್ಞರು ಈ ತಿಳಿಯದ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದರು. 'ಎಷ್ಟೋ ಅಷ್ಟು' ಎಂದು ಅದರ ಅರ್ಥ. ಲೆಕ್ಕದಲ್ಲಿ ಅದರ ಮೊದಲಕ್ಷರವಾದ 'ಯಾ' ಎಂಬುದನ್ನಷ್ಟೇ ಬರೆಯುತ್ತಿದ್ದರು. ತಿಳಿಯದ ಸಂಖ್ಯೆಗಳು ಒಂದಕ್ಕಿಂತ ಹೆಚ್ಚಾದಾಗ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನು ಕೊಡುತ್ತಿದ್ದರು. 12ನೆಯ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಈ ಬಣ್ಣಗಳೆಲ್ಲ ಕಾಣಸಿಗುತ್ತವೆ. ನಿಮ್ಮ ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ಈ ಪಾಠದಲ್ಲಿ ಹಿರಿಯರ 'ಯಾ' ಎಂಬುದನ್ನೇ ಬರೆಯುತ್ತೇನೆ.

ಜಗಲಿಯಲ್ಲಿ ಒಂದು ಸಂಜೆ ವಯಸ್ಸಿನ ಲೆಕ್ಕ ಬಂದಿತು. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು. 12 ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಎರಡರಷ್ಟಾಗುತ್ತದೆ. ಹಾಗಾದರೆ ಈಗ ಅವರ ವಯಸ್ಸೆಷ್ಟು? ಮಗನ ವಯಸ್ಸು ಯಾ, ತಂದೆಯದು 3ಯಾ. 12 ವರ್ಷಗಳ ನಂತರ ಮಗನಿಗೆ ಯಾ + 12, ತಂದೆಗೆ 3ಯಾ + 12. ಆದುದರಿಂದ 3ಯಾ + 12 = 2(ಯಾ + 12). ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬಂದರು. ಆವರಣವನ್ನು ಬಿಡಿಸುವಾಗ ಒಬ್ಬ ಹುಡುಗ ಎರಡರಿಂದ 'ಯಾ'ವನ್ನು ಮಾತ್ರ ಗುಣಿಸಿ, 12ನ್ನು ಮರೆತುಬಿಟ್ಟ. 3ಯಾ + 12 = 2ಯಾ + 12 ಎಂದಾಯಿತು. ಯಾ = 0 ಎಂದು ಉತ್ತರ ಬಂದಿತು. ಮಗನ ವಯಸ್ಸು ಸೊನ್ನೆ, ಅದರ ಮೂರರಷ್ಟಾದ ತಂದೆಯ ವಯಸ್ಸೂ ಸೊನ್ನೆ! ತಂದೆ ಮಕ್ಕಳಿಬ್ಬರೂ ಒಂದೇ ತೊಟ್ಟಿಲಲ್ಲಿ ಮಲಗಿರುವ ಚಿತ್ರ ಕಣ್ಣಿಗೆ ಕಟ್ಟಿ ಜಗಲಿಯೇ ನಕ್ಕಿತು. ಆ ಹುಡುಗನೂ ನಕ್ಕ. ನಕ್ಕ ಮೇಲೆ ಅವನೇ ಹಿಂದಿರುಗಿ ಒಂದೊಂದು ಸಾಲನ್ನೂ ನೋಡುತ್ತ ಬಂದು, ಮರೆತ 12ನ್ನು ಹಿಡಿದು, ಅದನ್ನು 24 ಮಾಡಿದ. ಮಗನಿಗೆ 12, ತಂದೆಗೆ 36. ಹನ್ನೆರಡು ವರ್ಷ ಕಳೆದರೆ 24 ಮತ್ತು 48. ಎರಡರಷ್ಟು ಹೌದು. ಯಾರೂ ಅವನಿಗೆ ತಪ್ಪನ್ನು ತೋರಿಸಿರಲಿಲ್ಲ. ಬಂದ ಉತ್ತರವನ್ನು ಮತ್ತೆ ಪ್ರಶ್ನೆಯ ಎದುರಿಗೆ ನಿಲ್ಲಿಸಿದಾಗ ಪ್ರಶ್ನೆಯೇ ಅದನ್ನು ಒಲ್ಲೆನೆಂದು ಹಿಂದಕ್ಕೆ ಕಳುಹಿಸಿತ್ತು.

ಸಮೀಕರಣವೆಂದರೆ ದಿನಸಿ ಅಂಗಡಿಯ ತಕ್ಕಡಿಯೇ. ಒಂದು ತಟ್ಟೆಯಿಂದ ತೆಗೆದಷ್ಟನ್ನೇ ಇನ್ನೊಂದರಿಂದಲೂ ತೆಗೆಯಬೇಕು. ಇದಕ್ಕೆ ಹಾಕಿದಷ್ಟನ್ನೇ ಅದಕ್ಕೂ ಹಾಕಬೇಕು. ಈ ನ್ಯಾಯದಿಂದಲೇ ಒಂದು ಪದ ಸಮಚಿಹ್ನೆಯನ್ನು ದಾಟಿ ಆಚೆ ಹೋದಾಗ ಅದರ ಧನಚಿಹ್ನೆ ಋಣವಾಗುತ್ತದೆ, ಋಣಚಿಹ್ನೆ ಧನವಾಗುತ್ತದೆ. ಇದಕ್ಕೆ ಪಕ್ಷಾಂತರವೆಂದು ಹೆಸರು. ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುವುದು ಗಣಿತದಲ್ಲಿ ಮಾತ್ರವಲ್ಲ ಎಂದು ನಮ್ಮ ಗಣಿತದ ಮೇಷ್ಟರು ಹೇಳಿ ನಗಿಸುತ್ತಿದ್ದುದುಂಟು. ನಾವು ದಿನವೂ ಎಳೆಯುವ ಸಮಚಿಹ್ನೆಯ ಎರಡು ಗೆರೆಗಳನ್ನು ಮೊದಲು ಅಚ್ಚಿನಲ್ಲಿ ಬಳಸಿದವನು ರಾಬರ್ಟ್ ರೆಕಾರ್ಡ್ ಎಂಬ ವೈದ್ಯ, 1557ರಲ್ಲಿ. ಸಮಾನವಾದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದದ್ದು ಬೇರೊಂದಿಲ್ಲವೆಂಬುದು ಅವನು ಕೊಟ್ಟ ಕಾರಣ. ಅಲ್‌ಜೀಬ್ರಾ ಎಂಬ ಹೆಸರಾದರೋ ಇನ್ನೂ ಹಿಂದಿನದು. 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಅರಬ್ಬೀ ಮಾತಿನಿಂದ ಅದು ಬಂದಿದೆ. ಮುರಿದುದನ್ನು ಮತ್ತೆ ಸರಿಗೂಡಿಸುವುದು ಎಂದು ಆ ಮಾತಿನ ಅರ್ಥ.

ಅದೇ ಶತಮಾನದಲ್ಲಿ ನಮ್ಮ ನಾಡಿನಲ್ಲಿಯೂ ಲೆಕ್ಕದ ಮನೆಗೆಲಸ ನಡೆದಿತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವೂ ಆ ದೊರೆಯ ಆಸ್ಥಾನದ್ದೇ. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಕಾವ್ಯಕ್ಕೆ ಒಗ್ಗಿದ ನಮ್ಮ ನುಡಿ ಲೆಕ್ಕಕ್ಕೂ ಒಗ್ಗೀತೆಂದು ಎಂಟು ನೂರು ವರ್ಷಗಳಿಗೂ ಹಿಂದೆ ನಂಬಿದವನೊಬ್ಬನಿದ್ದ ಎಂಬುದು, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ನೆನಪಿನಲ್ಲಿಡಬೇಕಾದ ಮಾತು.

ಇನ್ನು ರೇಖಾಗಣಿತದ ವಿಚಾರ. ಇಲ್ಲಿ ಕೈವಾರ, ಕೋನಮಾಪಕ, ಅಳತೆಪಟ್ಟಿ ಎಂಬ ಆಯುಧಗಳಿರುವುದರಿಂದ ಮಕ್ಕಳಿಗೆ ಆರಂಭದಲ್ಲಿ ಉತ್ಸಾಹ ಹೆಚ್ಚು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯ ಬಂದ ದಿನ ಜಗಲಿಯಲ್ಲಿ ನಾಲ್ವರು ನಾಲ್ಕು ತ್ರಿಭುಜಗಳನ್ನು ಬರೆದು ಅಳೆದರು. ಒಬ್ಬನಿಗೆ 179 ಬಂದಿತು, ಒಬ್ಬಳಿಗೆ 181, ಇನ್ನೊಬ್ಬನಿಗೆ 178. ನಾಲ್ಕನೆಯವನಿಗೆ ಸರಿಯಾಗಿ 180 ಬಂದಿತು. ಅವನು ವಿಜಯಿಯಂತೆ ಸುತ್ತಲೂ ನೋಡಿದ. ಆಗ 179ರ ಹುಡುಗ ಕೇಳಿದ ಪ್ರಶ್ನೆ ಇದು: "ಸಾರ್, ನಾವು ಮೂವರು, ಅವನು ಒಬ್ಬ. ಹೆಚ್ಚು ಜನ ಹೇಳಿದ್ದೇ ಸರಿ ಅಲ್ಲವೇ?"

ಆ ಪ್ರಶ್ನೆಗೆ ಉತ್ತರ ಕೋನಮಾಪಕದಲ್ಲಿಲ್ಲ. ಪೆನ್ಸಿಲಿನ ಮೊನೆಗೂ ದಪ್ಪವಿದೆ, ಕಣ್ಣಿಗೂ ದೋಷವಿದೆ. ಸಾವಿರ ತ್ರಿಭುಜಗಳನ್ನು ಅಳೆದರೂ ಸಾವಿರದ ಒಂದನೆಯದರ ಬಗೆಗೆ ಅಳತೆ ಏನನ್ನೂ ಹೇಳಲಾರದು. ಸಾಧನೆಯಾದರೋ ಬೇರೆಯ ದಾರಿ ಹಿಡಿಯುತ್ತದೆ. ಅಬಕ ಎಂಬ ತ್ರಿಭುಜವಿದೆ ಎಂದುಕೊಳ್ಳಿರಿ. ಅದರ ಶೃಂಗವಾದ 'ಅ' ಎಂಬ ಬಿಂದುವಿನ ಮೂಲಕ, ಪಾದವಾದ ಬಕ ಎಂಬ ರೇಖೆಗೆ ಸಮಾಂತರವಾಗಿ ಒಂದು ಗೆರೆಯನ್ನು ಎಳೆಯಿರಿ. ಈಗ 'ಅ' ಎಂಬಲ್ಲಿ ಮೂರು ಕೋನಗಳು ಅಕ್ಕಪಕ್ಕ ನಿಂತಿವೆ. ನಡುವಿನದು ತ್ರಿಭುಜದ್ದೇ ಕೋನ. ಎಡಬಲದವು, ಪರ್ಯಾಯ ಕೋನಗಳಾದುದರಿಂದ, 'ಬ' ಮತ್ತು 'ಕ' ಎಂಬಲ್ಲಿರುವ ಕೋನಗಳಿಗೆ ಸಮ. ಮೂರೂ ಸೇರಿ ಒಂದು ಸರಳಕೋನ, ಎಂದರೆ 180 ಡಿಗ್ರಿ. ತ್ರಿಭುಜ ಚಿಕ್ಕದೋ ದೊಡ್ಡದೋ, ಕಾಗದದ ಮೇಲಿದೆಯೋ ಅಂಗಳದ ಮೇಲಿದೆಯೋ ಎಂಬುದನ್ನು ಯಾರೂ ಕೇಳಲಿಲ್ಲ. ಸಮತಲದ ಮೇಲೆ ಯಾರು ಯಾವ ತ್ರಿಭುಜವನ್ನು ಬರೆದರೂ ಈ ಮಾತು ನಿಲ್ಲುತ್ತದೆ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದ ಯೂಕ್ಲಿಡ್ ಇಂತಹ ಪ್ರಮೇಯಗಳನ್ನು ಒಂದರ ಆಧಾರದ ಮೇಲೆ ಇನ್ನೊಂದು ನಿಲ್ಲುವಂತೆ 13 ಭಾಗಗಳಲ್ಲಿ ಜೋಡಿಸಿಟ್ಟ. ಕೈಯೆತ್ತಿ ಮತ ಹಾಕಿ ಯಾವ ಪ್ರಮೇಯವನ್ನೂ ಸಾಧಿಸಲಾಗದೆಂಬುದನ್ನು ಆ ನಾಲ್ವರು ಅಂದು ಕಂಡರು. ಅಳತೆಯಲ್ಲಿ ಗೆದ್ದಿದ್ದವನಿಗೂ ತನ್ನ 180 ಏಕೆ ಸರಿ ಎಂಬುದು ತಿಳಿದದ್ದು ಆಮೇಲೆಯೇ.

ಆ ಸಾಧನೆಯಲ್ಲಿ ಇನ್ನೊಂದು ವಿಶೇಷವುಂಟು. ಸಮಾಂತರವಾಗಿ ಎಳೆದ ಆ ಗೆರೆ ಪ್ರಶ್ನೆಯಲ್ಲಿ ಇರಲಿಲ್ಲ. ದತ್ತ, ಸಾಧನೀಯ ಎಂದು ಬರೆದಾದ ಮೇಲೆ ರಚನೆ ಎಂಬ ಒಂದು ಹಂತ ಬರುತ್ತದೆ. ಕೊಟ್ಟ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ದಾರಿ ಕಾಣದಾಗ, ನಾವೇ ಯೋಚಿಸಿ ಒಂದು ಗೆರೆಯನ್ನು ಸೇರಿಸಬೇಕಾಗುತ್ತದೆ. ಆ ಗೆರೆ ಎಲ್ಲಿ ಎಂಬುದನ್ನು ಪ್ರಶ್ನೆ ಹೇಳುವುದಿಲ್ಲ. ಒಂದೆರಡು ಗೆರೆಗಳನ್ನು ಎಳೆದು, ಪ್ರಯೋಜನವಾಗದೆ ಅಳಿಸಿ, ಮೂರನೆಯದನ್ನು ಎಳೆದಾಗ ಚಿತ್ರವೆಲ್ಲ ಬೆಳಕಾಗುತ್ತದೆ. ಅಳಿಸಿದ ಗೆರೆಗಳು ವ್ಯರ್ಥವಾದವೆಂದು ತಿಳಿಯಬಾರದು. ಮೂರನೆಯದಕ್ಕೆ ದಾರಿ ಬಿಟ್ಟುಕೊಟ್ಟವು ಅವೇ.

ಈ ವಿದ್ಯೆ ಶಾಲೆಯ ಗೋಡೆಗಳೊಳಗೆ ಮಾತ್ರ ಇದೆಯೆಂದು ತಿಳಿಯದಿರಿ. ಮನೆಯ ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿಯನ್ನು ನೋಡಿರಿ. ಅವನು ಒಂದು ದಾರದ ಮೇಲೆ ಮೂಲೆಯಿಂದ 3 ಅಡಿಗೆ ಗುರುತು ಮಾಡುತ್ತಾನೆ, ಇನ್ನೊಂದರ ಮೇಲೆ 4 ಅಡಿಗೆ. ಗುರುತಿನಿಂದ ಗುರುತಿಗೆ 5 ಅಡಿ ಬಂದರೆ ಮೂಲೆ ನೇರವಾಗಿದೆ. ಬಾರದಿದ್ದರೆ ಗೂಟವನ್ನು ಸರಿಸುತ್ತಾನೆ. 9 ಮತ್ತು 16 ಸೇರಿ 25 ಆಗುವುದರ ಮೇಲೆ ಗೋಡೆ ನಿಲ್ಲುತ್ತದೆ. ಬಳಿಕ ಎದುರುಬದುರು ಮೂಲೆಗಳ ನಡುವಣ ಎರಡು ಕರ್ಣಗಳನ್ನೂ ಅಳೆದು, ಅವು ಸಮವಾಗಿವೆಯೇ ಎಂದು ಮತ್ತೊಮ್ಮೆ ನೋಡುತ್ತಾನೆ. ಆಯತದ ಕರ್ಣಕ್ಕೂ ಬಾಹುಗಳಿಗೂ ಇರುವ ಈ ಸಂಬಂಧ ಯಜ್ಞವೇದಿಕೆಗಳ ಅಳತೆಯನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿಯೇ ಇದೆ. ಶುಲ್ಬವೆಂದರೆ ಹಗ್ಗ. ಅಂದಿನ ಹಗ್ಗವೇ ಇಂದು ಮೇಸ್ತ್ರಿಯ ಕೈಯ ದಾರ. ಮೊದಲು ಲೆಕ್ಕ ಹಾಕಿ, ಆಮೇಲೆ ಅದನ್ನು ಬೇರೊಂದು ಬಗೆಯಲ್ಲಿ ಪರೀಕ್ಷಿಸುವ ಅವನ ಅಭ್ಯಾಸವನ್ನೇ ಗಣಿತದಲ್ಲಿ 'ತಾಳೆ ನೋಡುವುದು' ಎನ್ನುತ್ತಾರೆ.

ತಾಳೆ ನೋಡುವುದರ ಬೆಲೆ ಎಷ್ಟೆಂಬುದನ್ನು ನನಗೆ ತೋರಿಸಿದವಳು ಜಗಲಿಯ ಮಕ್ಕಳಲ್ಲಿ ಒಬ್ಬಳು. ಅವಳ ಮನೆಯಲ್ಲಿ ಓದು ಬರಹ ಬಲ್ಲವಳು ಅವಳೊಬ್ಬಳೇ. 1996ರ ಮಳೆಗಾಲದಲ್ಲಿ ಅವಳ ತರಗತಿಗೆ ಅಭ್ಯಾಸ ಪುಸ್ತಕವೊಂದರಿಂದ ಒಂದು ಲೆಕ್ಕವನ್ನು ಕೊಟ್ಟಿದ್ದರು. ಎರಡು ಅಂಕಿಗಳ ಒಂದು ಸಂಖ್ಯೆ. ಅಂಕಿಗಳ ಮೊತ್ತ 9. ಅಂಕಿಗಳನ್ನು ಅದಲುಬದಲು ಮಾಡಿದರೆ ಸಂಖ್ಯೆ 27ರಷ್ಟು ಹೆಚ್ಚುತ್ತದೆ. ಆ ಸಂಖ್ಯೆ ಯಾವುದು? ಹತ್ತರ ಸ್ಥಾನದಲ್ಲಿ ಯಾ ಇದ್ದರೆ ಬಿಡಿಸ್ಥಾನದಲ್ಲಿ 9 - ಯಾ. ಸಂಖ್ಯೆ 9ಯಾ + 9. ಅದಲುಬದಲಾದದ್ದು 90 - 9ಯಾ. ಎರಡನೆಯದು ಮೊದಲನೆಯದಕ್ಕಿಂತ 27 ಹೆಚ್ಚಾದುದರಿಂದ 18ಯಾ = 54, ಯಾ = 3. ಸಂಖ್ಯೆ 36. ಆದರೆ ಆ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ 63 ಎಂದು ಅಚ್ಚಾಗಿತ್ತು.

ಮರುದಿನ ಗಣಿತದ ಮೇಷ್ಟರು ನಲವತ್ತು ನೋಟ್ ಪುಸ್ತಕಗಳನ್ನು ಶಿಕ್ಷಕರ ಕೊಠಡಿಗೆ ತಂದು ತಿದ್ದುತ್ತಿದ್ದರು. ಬಹುತೇಕ ಎಲ್ಲರೂ ಯಾ = 3 ಎಂಬಲ್ಲಿಯವರೆಗೆ ಸರಿಯಾಗಿ ಬಂದು, ಕೊನೆಯ ಸಾಲಿನಲ್ಲಿ ದಿಢೀರನೆ 'ಆದ್ದರಿಂದ ಸಂಖ್ಯೆ 63' ಎಂದು ಬರೆದಿದ್ದರು. ಒಂದು ಪುಸ್ತಕದಲ್ಲಿ ಮಾತ್ರ 36 ಎಂದಿತ್ತು. ಅದರ ಕೆಳಗೆ 'ತಾಳೆ: 3 + 6 = 9; 63 - 36 = 27' ಎಂದು ಎರಡು ಮಾತುಗಳಿದ್ದವು. ಮೇಷ್ಟರು ಅವಳನ್ನು ಕರೆಸಿದರು.

"ಪುಸ್ತಕದಲ್ಲಿ 63 ಅಂತ ಇದೆಯಲ್ಲಮ್ಮ, ನೋಡಲಿಲ್ಲವೆ?" ಎಂದರು.

"ನೋಡಿದೆ ಸಾರ್. 63ನ್ನು ತಿರುಗಿಸಿದರೆ ಕಡಿಮೆಯಾಗುತ್ತದೆ. ಲೆಕ್ಕದಲ್ಲಿ ಹೆಚ್ಚಾಗಬೇಕು ಅಂತ ಹೇಳಿದ್ದಾರೆ" ಎಂದಳು. ಧ್ವನಿ ನಡುಗುತ್ತಿತ್ತು; ಮಾತು ಮಾತ್ರ ತಡವರಿಸಲಿಲ್ಲ.

ಮೇಷ್ಟರು ಒಂದು ಕ್ಷಣ ಸುಮ್ಮನಿದ್ದರು. ಬಳಿಕ ತಮ್ಮ ಕೆಂಪು ಪೆನ್ನನ್ನು ತೆಗೆದು ಅಚ್ಚಾದ 63ನ್ನು ಹೊಡೆದು, ಪಕ್ಕದಲ್ಲಿ 36 ಎಂದು ಬರೆದು, ನನ್ನ ಕಡೆ ತಿರುಗಿ, "ನೋಡಿದಿರಾ ಪಂಡಿತರೇ, ಈ ದಿನ ಪುಸ್ತಕವನ್ನು ತಿದ್ದುವ ಹಾಗಾಯಿತು" ಎಂದರು. ತರಗತಿಗೆ ಹೋಗಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಲೆಕ್ಕ 36 ಎನ್ನುತ್ತದೆ, 63 ಎಲ್ಲಿಂದ ಬಂತು?" ಯಾರೂ ಉತ್ತರ ಕೊಡಲಿಲ್ಲ.

ಆ ಮಕ್ಕಳು ದಡ್ಡರಾಗಿರಲಿಲ್ಲ. ದಾರಿಯನ್ನೆಲ್ಲ ತಾವೇ ನಡೆದು ಬಂದಿದ್ದರು. ಅಚ್ಚಾದ ಅಕ್ಷರದ ಎದುರಿಗೆ ತಮ್ಮ ಬುದ್ಧಿಯನ್ನು ತಾವೇ ನಂಬದೆ ಹೋದರು. ಅವಳಿಗೆ ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ಆದುದರಿಂದ ಅವಳು ಲೆಕ್ಕವನ್ನೇ ಕೇಳುವ ಅಭ್ಯಾಸ ಮಾಡಿಕೊಂಡಿದ್ದಳು. ಲೆಕ್ಕ ಅವಳಿಗೆ ಉತ್ತರ ಕೊಟ್ಟಿತು. ಧನಿಕರ ಮನೆಯ ಮಗುವಿಗೆ ಒಂದು, ಕೂಲಿಯವರ ಮನೆಯ ಮಗುವಿಗೆ ಇನ್ನೊಂದು ಎಂಬ ಪಕ್ಷಪಾತ ಲೆಕ್ಕಕ್ಕಿಲ್ಲ. ಲೋಕದ ಎಷ್ಟೋ ವಿಷಯಗಳಲ್ಲಿ ನಾವು ಬಲ್ಲವರ ಮಾತನ್ನು ನಂಬಿ ನಡೆಯಬೇಕಾಗುತ್ತದೆ. ಅದು ತಪ್ಪೂ ಅಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು, ಯಾರ ಶಿಫಾರಸೂ ಇಲ್ಲದೆ, ಇದು ನಿಜ, ಇದು ನಿಜವಲ್ಲ ಎಂದು ತಾನೇ ಖಚಿತವಾಗಿ ತಿಳಿಯಬಹುದಾದ ಎಡೆಯೊಂದು ಉಂಟು. ಅದು ಮನೆಗೆ ಕೊಟ್ಟ ಲೆಕ್ಕದ ಪುಟ.

ಇಂದು ಕಾಲ ಬದಲಾಗಿದೆ. ಅಂದಿನ ಮಕ್ಕಳು ಉತ್ತರಕ್ಕಾಗಿ ಪುಸ್ತಕದ ಹಿಂದಿನ ಪುಟವನ್ನು ತಿರುವುತ್ತಿದ್ದರು; ಇಂದಿನ ಮಕ್ಕಳು ಲೆಕ್ಕದ ಮೇಲೆ ಮೊಬೈಲ್ ಹಿಡಿದು ಚಿತ್ರ ತೆಗೆದರೆ ಸಾಕು, ಉತ್ತರವೂ ಬಿಡಿಸುವ ಕ್ರಮವೂ ತೆರೆಯ ಮೇಲೆ ಮೂಡುತ್ತವೆ. ಈ ಸಾಧನವನ್ನು ನಾನು ಹಳಿಯುವುದಿಲ್ಲ. ಹೇಳಿಕೊಡುವವರಿಲ್ಲದ ಮನೆಯಲ್ಲಿ ಅದು ಒಬ್ಬ ಮೇಷ್ಟರಂತೆ ನೆರವಾಗಬಹುದು. ಆದರೆ ಇನ್ನೊಬ್ಬರು ಉಂಡರೆ ನಮ್ಮ ಹೊಟ್ಟೆ ತುಂಬುವುದಿಲ್ಲ. ತೆರೆಯ ಮೇಲೆ ಮೂಡಿದ್ದೂ ಹಿಂದಿನ ಪುಟದಲ್ಲಿ ಅಚ್ಚಾದದ್ದರಂತೆಯೇ ಒಂದು ಹೇಳಿಕೆ. ಅದು ಸರಿಯೋ ತಪ್ಪೋ ಎಂದು ನೋಡಬಲ್ಲವನಿಗೆ ಅದು ಸೇವಕ. ನೋಡಲಾರದವನಿಗೆ ಅದೇ ಯಜಮಾನ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ಲೆಕ್ಕವನ್ನು ಕೈಗೆತ್ತಿಕೊಂಡಾಗ ಅವಸರಪಡಬೇಡಿರಿ. ಮೊದಲು ಅದನ್ನು ಎರಡು ಸಲ ಗಟ್ಟಿಯಾಗಿ ಓದಿರಿ. ಕೊಟ್ಟಿರುವುದೇನು, ಕೇಳಿರುವುದೇನು ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ತಿಳಿಯದುದಕ್ಕೆ ಒಂದು ಹೆಸರಿಡಿರಿ. ಚಿತ್ರವಿದ್ದರೆ ದೊಡ್ಡದಾಗಿ ಬರೆಯಿರಿ. ದಾರಿ ಕಾಣದಿದ್ದರೆ ಒಂದು ಗೆರೆಯನ್ನು ಎಳೆದು ನೋಡಿರಿ. ಫಲಿಸದಿದ್ದರೆ ಅಳಿಸಿ ಇನ್ನೊಂದನ್ನು ಎಳೆಯಿರಿ. ಅರ್ಧ ಗಂಟೆ ಹೆಣಗಿಯೂ ಬಾರದ ಲೆಕ್ಕವನ್ನು ಬಾರದೆಂದೇ ಒಪ್ಪಿ, ಎಲ್ಲಿಯವರೆಗೆ ಬಂದಿರೋ ಅಲ್ಲಿಯವರೆಗಿನ ಹೆಜ್ಜೆಗಳನ್ನು ಹಾಗೆಯೇ ಉಳಿಸಿ ಶಾಲೆಗೆ ತೆಗೆದುಕೊಂಡು ಹೋಗಿರಿ. ನಕಲು ಮಾಡಿದ ಹತ್ತು ಉತ್ತರಗಳಿಗಿಂತ ಅಂತಹ ಅರ್ಧ ಪುಟವನ್ನು ನೋಡಿ ನಿಮ್ಮ ಮೇಷ್ಟರು ಹೆಚ್ಚು ಸಂತೋಷಪಡುವರು, ಏಕೆಂದರೆ ನಿಮಗೆ ಹೇಳಿಕೊಡಬೇಕಾದದ್ದು ಯಾವುದೆಂಬುದು ಆ ಪುಟದಿಂದ ಅವರಿಗೆ ತಿಳಿಯುತ್ತದೆ. ಉತ್ತರ ಬಂದಿತೋ, ಪುಸ್ತಕವನ್ನು ಮುಚ್ಚುವ ಮುನ್ನ ಇನ್ನೆರಡು ನಿಮಿಷ ಕುಳಿತಿರಿ. ಬಂದ ಉತ್ತರವನ್ನು ಪ್ರಶ್ನೆಯ ಮುಂದೆ ನಿಲ್ಲಿಸಿ ತಾಳೆ ನೋಡಿರಿ. ತಾಳೆ ಸರಿಹೊಂದಿದರೆ ಮರುದಿನ ಯಾರು ಕೇಳಿದರೂ ನಿಮ್ಮ ಉತ್ತರವನ್ನು ಕಾರಣಸಹಿತವಾಗಿ ಹೇಳಿರಿ. ಹೊಂದದಿದ್ದರೆ ಹಿಂದಿರುಗಿ ಹುಡುಕಿರಿ. ದೀಪವನ್ನು ಆರಿಸುವುದು ಆಮೇಲೆ.